ಶೋರೂಮಿನ ಸೆಕೆಂಡ್ ಹ್ಯಾಂಡ್ ಬೈಕಿಗೆ ಇಷ್ಟೊಂದು ಬೆಲೆ ಯಾಕೆ? ಹೊರದೇಶದಲ್ಲಿ ನಿಜವಾಗಿಯೂ ಅರ್ಧಕ್ಕೆ ಸಿಗುತ್ತದೆಯೇ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ನಾಲ್ಕು ವರ್ಷ ಓಡಿದ ಬೈಕಿಗೆ ಡೀಲರು ಹೊಸದಕ್ಕಿಂತ ಸ್ವಲ್ಪವೇ ಕಡಿಮೆ ಹೇಳುತ್ತಿದ್ದಾರೆ. ಅದೇ ಮಾಡೆಲ್ಲು ಜಪಾನಿನ ಮತ್ತು ಬ್ರಿಟನ್ನಿನ ಜಾಹೀರಾತುಗಳಲ್ಲಿ ಅರ್ಧ ಬೆಲೆಗೆ ಕಾಣುತ್ತಿದೆ. ಡೀಲರು ಸುಲಿಯುತ್ತಿದ್ದಾರೆಯೇ, ಹೊರಗಿನಿಂದ ತರಿಸಿಕೊಳ್ಳುವುದು ಒಳ್ಳೆಯದೇ?

ಡೀಲರು ಹೆಚ್ಚು ಹೇಳುತ್ತಿರುವುದು ಬಹುಮಟ್ಟಿಗೆ ನಿಜ ಇರಬಹುದು. ಆದರೆ ಹೊರದೇಶದ ಬೆಲೆಯನ್ನು ಅದಕ್ಕೆ ಸಾಕ್ಷಿ ಮಾಡಿಕೊಂಡು ಹೋದರೆ ನಿಮ್ಮ ವಾದ ಮೊದಲ ನಿಮಿಷದಲ್ಲೇ ಬಿದ್ದುಹೋಗುತ್ತದೆ. ನಾನು ಬಹಳ ಕಾಲದಿಂದ ಸ್ನೇಹಿತರು, ಅವರ ಸ್ನೇಹಿತರು ಅಂತ ಹಳೇ ಬೈಕು ಕೊಳ್ಳುವವರ ಜೊತೆ ಹೋಗಿ ಗಾಡಿ ನೋಡಿಕೊಡುತ್ತಿದ್ದೇನೆ. ಶೋರೂಮಿನಲ್ಲಿ ಬೆಲೆ ಹೇಗೆ ಕಟ್ಟುತ್ತಾರೆ ಅನ್ನುವುದನ್ನೇ ಮೊದಲು ಹೇಳುತ್ತೇನೆ, ಯಾಕೆಂದರೆ ಚೌಕಾಸಿಗೆ ಜಾಗ ಇರುವುದು ಅಲ್ಲಿ.

ಹೊಸ ಬೈಕಿನ ಆನ್ ರೋಡ್ ಬೆಲೆ 100 ಎಂದಿಟ್ಟುಕೊಳ್ಳಿ. ಒಬ್ಬರು ತಮ್ಮ ನಾಲ್ಕು ವರ್ಷದ ಬೈಕನ್ನು ಎಕ್ಸ್‌ಚೇಂಜಿಗೆ ತರುತ್ತಾರೆ. ವ್ಯಾಪಾರದ ಲೆಕ್ಕದಲ್ಲಿ ಅದಕ್ಕೆ 55 ಸಿಗಬೇಕು. ಆದರೆ ಹೊಸ ಬೈಕು ಮಾರಲೇಬೇಕಾದ ಡೀಲರು 65 ಕೊಡುತ್ತಾರೆ. ಹೊಸ ಬೈಕಿನ ಮೇಲೆ ಬಿಡಬೇಕಿದ್ದ ರಿಯಾಯಿತಿಯನ್ನೇ ಹಳೇ ಬೈಕಿನ ಬೆಲೆಯ ಹೆಸರಲ್ಲಿ ಬಿಟ್ಟಿರುತ್ತಾರೆ ಅಷ್ಟೇ. ಕೊಟ್ಟವರಿಗೂ ಖುಷಿ, ಹೊಸ ಬೈಕಿನ ಬಿಲ್ಲಿನಲ್ಲೂ ಬೆಲೆ ಇಳಿದಂತೆ ಕಾಣುವುದಿಲ್ಲ. ಈಗ ಆ ಹಳೇ ಬೈಕು ಪುಸ್ತಕದಲ್ಲಿ 65 ಅಂತಲೇ ಕೂತಿರುತ್ತದೆ. ಅದಕ್ಕೆ ಸರ್ವಿಸ್ಸು, ತೊಳೆದು ಪಾಲಿಶ್ ಮಾಡಿದ್ದು 4, ಸಾಲ ತಂದು ಮಾಲು ಇಟ್ಟುಕೊಂಡ ಬಡ್ಡಿ ಮತ್ತು ಜಾಗದ ಖರ್ಚು 3, ಲಾಭ 10 ಸೇರಿಸಿ 82 ಎಂದು ಚೀಟಿ ಅಂಟಿಸುತ್ತಾರೆ. ಇದೇ ಬೈಕನ್ನು ಅದರ ಮಾಲೀಕರೇ ನೇರವಾಗಿ ಮಾರಿದ್ದರೆ 65ರ ಆಸುಪಾಸಿಗೆ ಹೋಗುತ್ತಿತ್ತು.

ಈ ಅಂಕಿಗಳು ಲೆಕ್ಕ ತೋರಿಸಲು ನಾನು ಇಟ್ಟವು, ಆದರೆ ಕಟ್ಟುವ ಕ್ರಮ ಇದೇ. 17ರ ಅಂತರದಲ್ಲಿ ಸರ್ವಿಸ್ಸು, ಬಡ್ಡಿ, ಲಾಭಗಳ ಬಗ್ಗೆ ನನಗೆ ತಕರಾರಿಲ್ಲ. ಅಂಗಡಿ ನಡೆಯಬೇಕಲ್ಲ. ತಕರಾರಿರುವುದು 55ರಿಂದ 65ಕ್ಕೆ ಏರಿಸಿದ ಆ ಹತ್ತರ ಬಗ್ಗೆ. ಬೇರೆ ಯಾರೋ ಹೊಸ ಬೈಕಿನ ಮೇಲೆ ಪಡೆದ ರಿಯಾಯಿತಿಯನ್ನು ನಿಮ್ಮಿಂದ ವಸೂಲು ಮಾಡುತ್ತಿದ್ದಾರೆ. ಇದು ಅನ್ಯಾಯ, ಮತ್ತು ಕೇಳುವ ಧೈರ್ಯ ಇರುವವರಿಗೆ ಈ ಹತ್ತು ಇಳಿಯುತ್ತದೆ. ನಿಮ್ಮ ಗುರಿ 82 ಅಲ್ಲ, 65 ಕೂಡ ಅಲ್ಲ, 72.

ಮಾಲೀಕರ ಬೆಲೆಗಿಂತ ಡೀಲರಿಗೆ ಅಷ್ಟಾದರೂ ಹೆಚ್ಚು ಯಾಕೆ ಕೊಡಬೇಕು ಅನ್ನುವುದಕ್ಕೆ ಬ್ರಿಟನ್ನನ್ನು ನೋಡಬೇಕು. ಅಲ್ಲಿ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ ಡೀಲರಿಂದ ಕೊಂಡ ಹಳೇ ಬೈಕಿನಲ್ಲಿ ದೋಷ ಇದ್ದರೆ 30 ದಿನದೊಳಗೆ ಗಾಡಿ ವಾಪಸು ಕೊಟ್ಟು ಪೂರ್ತಿ ಹಣ ಕೇಳಬಹುದು. ಆರು ತಿಂಗಳೊಳಗೆ ಕಾಣಿಸಿಕೊಂಡ ದೋಷ ಮಾರುವಾಗಲೇ ಇತ್ತೆಂದು ಭಾವಿಸಲಾಗುತ್ತದೆ, ಇರಲಿಲ್ಲವೆಂದು ತೋರಿಸುವ ಹೊಣೆ ಡೀಲರದು. ಜರ್ಮನಿಯಲ್ಲಿ ಹಳೇ ಗಾಡಿಗೆ ಡೀಲರು ಎರಡು ವರ್ಷದ ಹೊಣೆಯನ್ನು ಒಂದು ವರ್ಷಕ್ಕೆ ಇಳಿಸಬಹುದೇ ಹೊರತು ಕೈತೊಳೆದುಕೊಳ್ಳುವಂತಿಲ್ಲ. ಖಾಸಗಿಯಾಗಿ ಕೊಂಡರೆ ಬ್ರಿಟನ್ನಿನಲ್ಲಿ ಈ ರಕ್ಷಣೆ ಇಲ್ಲ, ಜರ್ಮನಿಯಲ್ಲಿ ಮಾರುವವರು ಒಪ್ಪಂದದಲ್ಲಿ ಬರೆದು ಹೊಣೆಯಿಂದ ಕೈತೊಳೆದುಕೊಳ್ಳಬಹುದು. ಅಂದರೆ ಆ ದೇಶಗಳಲ್ಲಿ ಡೀಲರ ಬೆಲೆಯಲ್ಲಿ ಒಂದು ಪಾಲು ವಿಮೆಯ ಕಂತಿನಂತೆ. ಜೊತೆಗೆ ಬೈಕಿಗೆ 3 ವರ್ಷ ತುಂಬಿದ ಮೇಲೆ ಬ್ರಿಟನ್ನಿನಲ್ಲಿ ಪ್ರತಿವರ್ಷ ಎಂಒಟಿ ಎಂಬ, ಗಾಡಿ ರಸ್ತೆಗೆ ಯೋಗ್ಯವೇ ಎಂದು ನೋಡುವ ಪರೀಕ್ಷೆ ಆಗಲೇಬೇಕು, ಆ ಪರೀಕ್ಷೆಗಳಲ್ಲಿ ಬರೆದುಕೊಂಡ ಓಡೋಮೀಟರ್ ಅಂಕಿಗಳನ್ನು ನಂಬರ್ ಪ್ಲೇಟ್ ಹಾಕಿ ಯಾರು ಬೇಕಾದರೂ ಆನ್‌ಲೈನಿನಲ್ಲಿ ಪುಕ್ಕಟೆ ನೋಡಬಹುದು. ಮೀಟರು ಹಿಂದಕ್ಕೆ ತಿರುಗಿಸಿದ ಗಾಡಿ ಅಲ್ಲಿ ಸುಲಭವಾಗಿ ಸಿಕ್ಕಿಬೀಳುತ್ತದೆ.

ಹಾಗಾಗಿ ನೀವಿರುವ ಕಡೆಯ ಡೀಲರು ಇಂಥ ಹೊಣೆ ಏನನ್ನೂ ಹೊರದೆ, ಬರವಣಿಗೆಯಲ್ಲಿ ವಾರಂಟಿಯನ್ನೂ ಕೊಡದೆ, ‘ಇದ್ದದ್ದು ಇದ್ದಹಾಗೆ’ ಎಂದು ಮಾರುವುದಾದರೆ 72 ಕೂಡ ಹೆಚ್ಚು. ಬ್ರಿಟನ್ನಿನ ಬೆಲೆಗಿಂತ ಬ್ರಿಟನ್ನಿನ ಡೀಲರು ಆ ಬೆಲೆಗೆ ಏನು ಕೊಡುತ್ತಾರೆ ಅನ್ನುವುದನ್ನು ಹೋಲಿಸಿ. ಹೊರದೇಶದ ಹೋಲಿಕೆಯಿಂದ ನಿಮಗೆ ನಿಜವಾಗಿ ಉಪಯೋಗ ಇರುವುದು ಇಷ್ಟಕ್ಕೇ ಎಂದು ನನ್ನ ನಂಬಿಕೆ.

ಇನ್ನು ಆ ಅರ್ಧ ಬೆಲೆ. ಜಪಾನಿನಿಂದ ಬರುವ ಅಗ್ಗದ ಅಂಕಿಗಳು ಎಷ್ಟೋ ಸಲ ಡೀಲರುಗಳ ಹರಾಜಿನವು. ಆ ಹರಾಜುಗಳಿಗೆ ಸದಸ್ಯರಾದ ವ್ಯಾಪಾರಿಗಳಿಗೆ ಮಾತ್ರ ಪ್ರವೇಶ. ಎಂಜಿನ್, ಫ್ರೇಮು, ಹೊರಮೈ ಎಲ್ಲಕ್ಕೂ ಅಂಕ ಕೊಟ್ಟ ಹಾಳೆ ಇರುತ್ತದೆ, ಅದನ್ನು ನೋಡಿಯೇ ಕೊಳ್ಳುತ್ತಾರೆ. ಅದು ಸಗಟು ಬೆಲೆ, ನಮ್ಮ ಲೆಕ್ಕದ 55ಕ್ಕೆ ಹೋಲಿಸಬೇಕಾದದ್ದು, ಶೋರೂಮಿನ 82ಕ್ಕಲ್ಲ. ಅಂಗಡಿಯ ಜಾಹೀರಾತಿನಲ್ಲೂ ಬರೀ ಗಾಡಿಯ ಬೆಲೆ ಬೇರೆ, ನೋಂದಣಿ, ವಿಮೆ, ಪರೀಕ್ಷೆಯ ಖರ್ಚು ಸೇರಿದ ಬೆಲೆ ಬೇರೆ. ಅಮೆರಿಕದಲ್ಲೂ ಹೀಗೇ, ಬೋರ್ಡಿನ ಮೇಲಿನ ಅಂಕಿಗೆ ರಾಜ್ಯದ ತೆರಿಗೆ, ಕಾಗದಪತ್ರದ ಶುಲ್ಕ, ಸಿದ್ಧಪಡಿಸಿದ ಶುಲ್ಕ ಎಲ್ಲ ಸೇರಿದ ಮೇಲೆಯೇ ಬೈಕು ಅಂಗಳ ದಾಟುತ್ತದೆ.

ಕರೆನ್ಸಿಯ ಪಾಲೂ ದೊಡ್ಡದು. 2021ರ ಆರಂಭದಲ್ಲಿ ಒಂದು ಡಾಲರಿಗೆ ಸುಮಾರು 103 ಯೆನ್ ಇತ್ತು, 2024ರ ಜುಲೈನಲ್ಲಿ 160 ದಾಟಿತ್ತು. ಯೆನ್ನಿನಲ್ಲಿ ಬೆಲೆ ಒಂದಿಷ್ಟೂ ಬದಲಾಗದ ಬೈಕು ಡಾಲರಿನಲ್ಲಿ ನೋಡುವವರಿಗೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಇಳಿದಂತೆ ಕಂಡಿತು. ಜಪಾನಿನ ಸಂಬಳದಲ್ಲಿ ಬದುಕುವವರಿಗೆ ಅದು ಅಗ್ಗವಾಗಿರಲಿಲ್ಲ.

ಜಪಾನಿನಲ್ಲಿ ಎಲ್ಲವೂ ಅಗ್ಗ ಅನ್ನುವುದೂ ಸರಿಯಲ್ಲ. ಅಲ್ಲಿ 250 ಸಿಸಿ ಮೀರಿದ ಬೈಕುಗಳಿಗೆ ಶಾಕೆನ್ ಎಂಬ ಕಡ್ಡಾಯ ತಪಾಸಣೆ ಇದೆ, ಹೊಸದಕ್ಕೆ 3 ವರ್ಷಕ್ಕೆ, ಆಮೇಲೆ ಪ್ರತಿ 2 ವರ್ಷಕ್ಕೊಮ್ಮೆ. 250 ಮತ್ತು ಅದರ ಕೆಳಗಿನವಕ್ಕೆ ಅದಿಲ್ಲ, ಹಾಗಾಗಿ ಹಳೇ 250ಗಳು ಬೆಲೆ ಬಿಟ್ಟುಕೊಡುವುದಿಲ್ಲ. ಲೈಸೆನ್ಸಿನ ಒಂದು ವರ್ಗ 400 ಸಿಸಿಗೆ ನಿಲ್ಲುತ್ತದೆ, ಆದ್ದರಿಂದ 400ಗಳಿಗೆ ಬೇರೆಲ್ಲೂ ಇಲ್ಲದ ಬೇಡಿಕೆ. 1992ರಿಂದ ಬರುತ್ತಿದ್ದ ಹೋಂಡಾ ಸಿಬಿ400 ಸೂಪರ್ ಫೋರ್ ಹೊಗೆ ನಿಯಮಗಳ ಕಾರಣಕ್ಕೆ 2022ರಲ್ಲಿ ನಿಂತಾಗ ಹಳೇ ಗಾಡಿಗಳ ಬೆಲೆ ಜಿಗಿಯಿತು. 1981ರಲ್ಲಿ ಬಂದ ಹೋಂಡಾ ಸಿಬಿಎಕ್ಸ್400ಎಫ್ ಅಂತೂ ಅಲ್ಲಿ ಲಕ್ಷಗಳಲ್ಲಲ್ಲ, ದಶಲಕ್ಷಗಳ ಯೆನ್ನಿನಲ್ಲಿ ಕೈಬದಲಾಗುತ್ತದೆ.

ಸಿಂಗಪುರದ ಉದಾಹರಣೆ ಇನ್ನೂ ಸ್ಪಷ್ಟ. ಅಲ್ಲಿ ಗಾಡಿ ಇಟ್ಟುಕೊಳ್ಳುವ ಹಕ್ಕನ್ನೇ 10 ವರ್ಷಕ್ಕೆ ಹರಾಜಿನಲ್ಲಿ ಕೊಳ್ಳಬೇಕು. ಬೈಕಿನ ಆ ಹಕ್ಕುಪತ್ರವೇ 2022ರ ಕೊನೆಯ ಹೊತ್ತಿಗೆ 12,000 ಸಿಂಗಪುರ ಡಾಲರ್ ದಾಟಿತ್ತು. ಎಷ್ಟೋ ಸಣ್ಣ ಬೈಕುಗಳಿಗಿಂತ ಆ ಕಾಗದವೇ ದುಬಾರಿ. ಅಲ್ಲಿ ಹಳೇ ಬೈಕು ಕೊಳ್ಳುವವರು ಮೊದಲು ಕೇಳುವುದು ಎಷ್ಟು ಓಡಿದೆ ಅಂತಲ್ಲ, ಹಕ್ಕುಪತ್ರದಲ್ಲಿ ಎಷ್ಟು ವರ್ಷ ಉಳಿದಿದೆ ಅಂತ.

ಹಳೇ ಬೈಕಿನ ಬೆಲೆಯ ನೆತ್ತಿಯ ಮೇಲೆ ಸಾಮಾನ್ಯವಾಗಿ ಆ ದೇಶದ ಹೊಸ ಬೈಕಿನ ಬೆಲೆ ಇರುತ್ತದೆ, ಹೊಸದರ ಬೆಲೆಯನ್ನು ಸರ್ಕಾರದ ಸುಂಕ ಎತ್ತಿ ಹಿಡಿದಿರುತ್ತದೆ. 1983ರಲ್ಲಿ ಹಾರ್ಲೆ-ಡೇವಿಡ್ಸನ್ ಕೋರಿಕೆಯ ಮೇಲೆ ಅಧ್ಯಕ್ಷ ರೇಗನ್ 700 ಸಿಸಿ ಮೀರಿದ ಆಮದು ಬೈಕುಗಳ ಸುಂಕವನ್ನು 4.4%ರಿಂದ 49.4%ಗೆ ಏರಿಸಿದರು, ಐದು ವರ್ಷದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವಂತೆ. ಜಪಾನಿನ ಕಂಪನಿಗಳು 750ರ ಎಂಜಿನ್ನುಗಳನ್ನು 700ರೊಳಕ್ಕೆ ಇಳಿಸಿ ಸುಂಕ ತಪ್ಪಿಸಿಕೊಂಡವು. ಆ ಕಾಲದ ಅಮೆರಿಕದ ಹಳೇ ಜಪಾನಿ ಬೈಕುಗಳಲ್ಲಿ ಇಷ್ಟೊಂದು 700ಗಳು ಸಿಗುವುದಕ್ಕೆ ಕಾರಣ ಇದೇ. 2018ರಲ್ಲಿ ಯುರೋಪು ತಿರುಗೇಟಾಗಿ ಅಮೆರಿಕದ ಬೈಕುಗಳ ಸುಂಕವನ್ನು 6%ರಿಂದ 31%ಗೆ ಏರಿಸಿತು. ಇಂಥ ಗೋಡೆಗಳ ಒಳಗಿನ ಬೆಲೆಯನ್ನು ಹೊರಗಿನ ಬೆಲೆಯ ಜೊತೆ ಇಟ್ಟು ಡೀಲರನ್ನು ಬೈದು ಉಪಯೋಗವಿಲ್ಲ, ಆ ಗೋಡೆ ಅವರು ಕಟ್ಟಿದ್ದಲ್ಲ.

ಆಮದಿನ ಲೆಕ್ಕವನ್ನೂ ನಮ್ಮ ಅಂಕಿಗಳಲ್ಲೇ ಮಾಡೋಣ. ಹೊರದೇಶದಲ್ಲಿ ಬೈಕು 50ಕ್ಕೆ ಸಿಕ್ಕಿತು. ಅಲ್ಲಿಯ ಏಜೆಂಟರ ಕಮಿಷನ್ನು, ಪೆಟ್ಟಿಗೆ ಕಟ್ಟಿಸುವುದು, ಹಡಗಿನ ಬಾಡಿಗೆ, ವಿಮೆ ಸೇರಿ 15. ಈಗ 65 ಆಯಿತು. ಸುಂಕ 6% ಎಂದುಕೊಂಡರೂ 68.9. ಅದರ ಮೇಲೆ 20% ಮೌಲ್ಯವರ್ಧಿತ ತೆರಿಗೆ ಬಿದ್ದರೆ 82.68. ಗಮನಿಸಿ, ತೆರಿಗೆ ಹಾಕುವುದು ಬೈಕಿನ ಬೆಲೆಯ ಮೇಲೆ ಮಾತ್ರವಲ್ಲ, ಸಾಗಣೆ ಮತ್ತು ಸುಂಕದ ಮೇಲೂ. ಇದು ಕಡಿಮೆ ಸುಂಕದ ಲೆಕ್ಕ, ಎಷ್ಟೋ ದೇಶಗಳಲ್ಲಿ ಇದರ ಹಲವು ಪಟ್ಟು ಇರುತ್ತದೆ. ಬಂದರಿನ ಶುಲ್ಕ, ದೀಪ, ಸ್ಪೀಡೋಮೀಟರ್ ಬದಲಾವಣೆ, ನೋಂದಣಿ ಇನ್ನೂ ಬಾಕಿ. ಅಲ್ಲಿಗೆ ನೀವು ದೂರುತ್ತಿದ್ದ ಶೋರೂಮಿನ ಬೆಲೆಯನ್ನೇ ದಾಟಿದಿರಿ, ಅದೂ ಕಣ್ಣಾರೆ ನೋಡದ, ಓಡಿಸಿ ನೋಡದ ಬೈಕಿಗೆ.

ಇಷ್ಟಾದರೂ ಕೆಲವು ದೇಶಗಳು ಬಿಡುವುದೇ ಇಲ್ಲ. ತನ್ನ ಸುರಕ್ಷತಾ ಮಾನದಂಡಕ್ಕೆ ತಯಾರಾಗದ ಗಾಡಿಗೆ 25 ವರ್ಷ ತುಂಬಿದ ಮೇಲಷ್ಟೇ ಅಮೆರಿಕ ಆ ಮಾನದಂಡದಿಂದ ವಿನಾಯಿತಿ ಕೊಡುತ್ತದೆ, ಕೆನಡಾದಲ್ಲಿ 15 ವರ್ಷ. ನಿಮ್ಮಲ್ಲಿ ಎಂದೂ ಮಾರಾಟಕ್ಕೇ ಬರದ, ನೀವು ಜೀವಮಾನ ಇಟ್ಟುಕೊಳ್ಳಲು ಹೊರಟ ಒಂದು ಹಳೆಯ ಮಾಡೆಲ್ಲಿಗೆ ಆಮದು ಅರ್ಥಪೂರ್ಣ. ದಿನಬಳಕೆಯ ನಾಲ್ಕು ವರ್ಷದ ಬೈಕಿಗೆ ಬೇಡವೇ ಬೇಡ.

ಸರಿ, 82ರಿಂದ 72ಕ್ಕೆ ಇಳಿಸುವುದು ಹೇಗೆ? ಹೋಗುವ ಮೊದಲು ಅದೇ ಮಾಡೆಲ್ಲು, ಅದೇ ವರ್ಷದ ಬೈಕುಗಳು ಮಾಲೀಕರಿಂದ ನೇರವಾಗಿ ಎಷ್ಟಕ್ಕೆ ಹೋಗುತ್ತಿವೆ ನೋಡಿ. ಜಾಹೀರಾತಿನ ಬೆಲೆಯಲ್ಲ, ಹೋದ ಬೆಲೆ. ಮಾರಿದವರಿಗೆ ಫೋನ್ ಮಾಡಿ ಕೇಳಿದರೆ ಬಹಳ ಜನ ಹೇಳುತ್ತಾರೆ. ಡೀಲರ ಅದೇ ಬೈಕಿನ ಜಾಹೀರಾತು ಎಷ್ಟು ವಾರದಿಂದ ಇದೆ ಎಂದೂ ಗುರುತು ಹಾಕಿಕೊಳ್ಳಿ, ನಿಂತ ಬೈಕಿಗೆ ಪ್ರತಿ ತಿಂಗಳೂ ಬಡ್ಡಿ ಏರುತ್ತಿರುತ್ತದೆ.

ಗಾಡಿಯ ಮುಂದೆ ನಿಂತಾಗ ಪಾಲಿಶ್ ನೋಡಬೇಡಿ, ಬಗ್ಗಿ ಟೈರಿನ ಪಕ್ಕೆ ನೋಡಿ. ಇಂಗ್ಲಿಷಿನಲ್ಲಿ DOT ಎಂದು ಶುರುವಾಗುವ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ ಆ ಟೈರು 2019ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಗೀರುಗಳು ಎಷ್ಟೇ ಆಳ ಕಂಡರೂ ಅಷ್ಟು ಹಳೆಯ ರಬ್ಬರು ಗಟ್ಟಿಯಾಗಿರುತ್ತದೆ, ಮಳೆಯಲ್ಲಿ ಹಿಡಿತ ಕೊಡುವುದಿಲ್ಲ, ಎರಡೂ ಬದಲಿಸಲೇಬೇಕು. ಬ್ರೇಕ್ ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಎಷ್ಟಿರಬೇಕೆಂದು ಕೊರೆದಿರುತ್ತಾರೆ. ಅಳತೆ ಅದರ ಹತ್ತಿರ ಬಂದಿದ್ದರೆ ಡಿಸ್ಕಿನ ಖರ್ಚೂ ಬಂತು. ಚೇನನ್ನು ಹಿಂದಿನ ಸ್ಪ್ರಾಕೆಟ್ಟಿನಿಂದ ಬೆರಳಲ್ಲಿ ಎಳೆಯಿರಿ. ಅರ್ಧ ಹಲ್ಲು ಕಾಣುವಷ್ಟು ಬಿಟ್ಟುಕೊಂಡರೆ ಚೇನ್ ಸೆಟ್ ಮುಗಿದಿದೆ. ಮೀಟರಿನಲ್ಲಿ ಎಂಟು ಸಾವಿರ ಕಿಲೋಮೀಟರ್, ಆದರೆ ಫುಟ್‌ರೆಸ್ಟಿನ ರಬ್ಬರು ನುಣ್ಣಗೆ ಸವೆದಿದೆ, ಹ್ಯಾಂಡಲ್ ಗ್ರಿಪ್ಪು ಮಾತ್ರ ಹೊಸದು ಅಂದರೆ ನಾನು ಅಲ್ಲಿಂದಲೇ ಹಿಂದಿರುಗುತ್ತೇನೆ. ಫ್ರೇಮಿನ ಮೇಲಿನ 17 ಅಕ್ಷರಗಳ ಸಂಖ್ಯೆ ಕಾಗದದಲ್ಲಿರುವುದಕ್ಕೆ ತಾಳೆಯಾಗಬೇಕು ಅನ್ನುವುದನ್ನು ಹೇಳುವುದೇ ಬೇಡ.

ಟೈರು, ಚೇನು, ಬ್ರೇಕ್ ಡಿಸ್ಕುಗಳ ಬೆಲೆಯನ್ನು ಅದೇ ಶೋರೂಮಿನ ಬಿಡಿಭಾಗಗಳ ಕೌಂಟರಿನಲ್ಲಿ ಕೇಳಿ ಬರೆದುಕೊಳ್ಳಿ. ಆಮೇಲೆ ಮಾತಿಗೆ ಕೂತು ಡೀಲರ ಮುಂದೆ ಎರಡೇ ದಾರಿ ಇಡಿ: ‘ಇವನ್ನೆಲ್ಲ ನೀವೇ ಬದಲಿಸಿ ಆರು ತಿಂಗಳ ವಾರಂಟಿಯನ್ನು ಎಂಜಿನ್, ಗೇರ್‌ಬಾಕ್ಸ್, ಎಲೆಕ್ಟ್ರಿಕಲ್ ಎಂದು ಹೆಸರು ಹೇಳಿ ಬರೆದುಕೊಡಿ, ಆಗ ನಿಮ್ಮ ಬೆಲೆಯ ಹತ್ತಿರ ಬರುತ್ತೇನೆ. ಇಲ್ಲವೇ ಇದ್ದಹಾಗೆ ಕೊಡಿ, ಆಗ ಮಾಲೀಕರ ಬೆಲೆಯಿಂದ ಈ ಖರ್ಚು ಕಳೆದು ಕೊಡುತ್ತೇನೆ.’ ಜಪಾನಿನ ಹೆಸರು ಎತ್ತಲೇಬೇಡಿ. ಅವರು ಒಪ್ಪದಿದ್ದರೆ ನಿಮ್ಮ ಅಂಕಿಯನ್ನೂ ಫೋನ್ ನಂಬರನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟು ಎದ್ದು ಬನ್ನಿ, ತಿಂಗಳ ಕೊನೆಯ ವಾರ ಅವರೇ ಫೋನ್ ಮಾಡುವ ಸಂಭವ ಚೆನ್ನಾಗಿಯೇ ಇರುತ್ತದೆ.