ರಾಜೀನಾಮೆ ಪತ್ರ ಸದ್ಯಕ್ಕೆ ಡ್ರಾಯರ್‌ನಲ್ಲೇ ಇರಲಿ

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಬ್ಯಾಂಕಿನ ಹೆಸರನ್ನೂ ಬಿಟ್ಟಿದ್ದೇನೆ. ಉಳಿದ ಓದುಗರಿಗೆ ವಿಷಯ ಗೊತ್ತಾಗಬೇಕಲ್ಲ, ಅದಕ್ಕೆ ನಿಮ್ಮ ಪತ್ರದ ಸಾರಾಂಶ ಇಷ್ಟು: ವಯಸ್ಸು 37. 2012ರಲ್ಲಿ ಪ್ರೊಬೇಷನರಿ ಆಫೀಸರ್ ಆಗಿ ಸರ್ಕಾರಿ ಬ್ಯಾಂಕು ಸೇರಿದವರು, ಈಗ ಹಾವೇರಿ ಜಿಲ್ಲೆಯ ಒಂದು ಹೋಬಳಿ ಊರಿನಲ್ಲಿ ಬ್ರಾಂಚ್ ಮ್ಯಾನೇಜರ್. ಬೆಳೆ ಸಾಲಕ್ಕೆ ಬಂದ ರೈತರಿಗೆ ಜೀವ ವಿಮೆ ಪಾಲಿಸಿ ಮಾರಿ ಅಂತ ಮೇಲಿನವರ ಒತ್ತಡ. ಸಾಕಾಗಿದೆ, ರಾಜೀನಾಮೆ ಟೈಪ್ ಮಾಡಿ ಡ್ರಾಯರ್‌ನಲ್ಲಿ ಇಟ್ಟಿದ್ದೇನೆ, ಎಲ್‌ಎಲ್‌ಬಿ ಓದಿ ವಕೀಲನಾಗಿ 'ಜನರಿಗೆ ನ್ಯಾಯ ಕೊಡಿಸಬೇಕು', ಸರಿಯೋ ತಪ್ಪೋ ಹೇಳಿ ಎಂದು ಕೇಳಿದ್ದೀರಿ.

ಸರಿ, ತಪ್ಪು ನಾನು ಹೇಳುವುದಿಲ್ಲ. ಆದರೆ ಪತ್ರ ಓದುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ನಾಲ್ಕು ಪುಟದಲ್ಲಿ ಹೆಚ್ಚುಕಮ್ಮಿ ಎಲ್ಲವೂ ಬ್ಯಾಂಕಿನ ಮಾತೇ. ವಕೀಲಿಕೆ ಬಗ್ಗೆ ಇರುವುದು ಆ ನ್ಯಾಯದ ಸಾಲು ಒಂದೇ. ಬಿಡಬೇಕು ಅನ್ನೋದು ನಿಮಗೆ ಖಚಿತ. ಎಲ್ಲಿಗೆ ಹೋಗಬೇಕು ಅನ್ನೋದು ಇನ್ನೂ ಮಸುಕು.

ನಿಮ್ಮ ಮೌಲ್ಯಗಳನ್ನು ಪಟ್ಟಿ ಮಾಡಿದ್ದೀರಿ: ಪ್ರಾಮಾಣಿಕತೆ, ಸ್ವಾತಂತ್ರ್ಯ, ಸಮಾಜ ಸೇವೆ. ಬೇಜಾರಾಗಬೇಡಿ, ಆ ಪಟ್ಟಿಯಿಂದ ಏನೂ ಉಪಯೋಗವಿಲ್ಲ. ಅದನ್ನು ನಾನೂ ಬರೆಯುತ್ತೇನೆ, ನಿಮಗೆ ಟಾರ್ಗೆಟ್ ಕೊಡುವ ಸಾಹೇಬರೂ ಬರೆಯುತ್ತಾರೆ. ಯಾವುದಕ್ಕಾಗಿ ನೀವು ಈಗಾಗಲೇ ಕೈ ಸುಟ್ಟುಕೊಂಡಿದ್ದೀರಿ, ಅದನ್ನು ನೋಡಿ. ದುಡ್ಡೋ, ಪ್ರಮೋಷನ್ನೋ, ಒಳ್ಳೆ ಹೆಸರೋ ಹೋದರೂ ಪರವಾಗಿಲ್ಲ ಅಂತ ಯಾವುದನ್ನು ಬಿಟ್ಟುಕೊಟ್ಟಿಲ್ಲ? ನಿಮ್ಮ ಮೌಲ್ಯ ಇರುವುದು ಅಲ್ಲಿ.

ನಿಮ್ಮ ಪತ್ರದ ಎರಡನೇ ಪುಟದಲ್ಲೇ ಅದು ಇದೆ. ಆ ಹೆಣ್ಣುಮಗಳ ವಿಷಯ. ಬೆಳೆ ಸಾಲ ರಿನೀವಲ್‌ಗೆ ಬಂದಿದ್ದರು, ಕೌಂಟರ್‌ನಲ್ಲಿದ್ದವರು ಹತ್ತು ಕಡೆ ಹೆಬ್ಬೆಟ್ಟು ಒತ್ತಿಸಿಕೊಂಡರು, ಅದರಲ್ಲಿ ಒಂದು ಪಾಲಿಸಿಯ ಫಾರಂ. ವಾರ ಬಿಟ್ಟು ಪಾಸ್‌ಬುಕ್ ಹಿಡಿದು ಬಂದು 'ಸಾಹೇಬ್ರ, ಇದು ಯಾವ ರೊಕ್ಕ ಕಡದೀರಿ' ಅಂತ ಕೇಳಿದರು. ಪಾಲಿಸಿ ಕೈಗೆ ಬಂದ 30 ದಿನದೊಳಗೆ ಬೇಡ ಅಂದರೆ ಪ್ರೀಮಿಯಂನಲ್ಲಿ ಅಲ್ಪಸ್ವಲ್ಪ ಮುರಿದುಕೊಂಡು ವಾಪಸ್ ಕೊಡಬೇಕು, ನಿಯಮವೇ ಇದೆ. ಇದನ್ನು ಅವರಿಗೆ ಹೇಳಿದವರು ನೀವು. ಅರ್ಜಿ ಬರೆದುಕೊಟ್ಟವರೂ ನೀವೇ. ಆಮೇಲೆ ಊರಿನ ಇನ್ನಷ್ಟು ಜನ ಬಂದರು, ಅವರಿಗೂ ಬರೆದುಕೊಟ್ಟಿರಿ. ಬೆಳಗಿನ ಕಾನ್ಫರೆನ್ಸ್ ಕಾಲ್‌ನಲ್ಲಿ ಎಲ್ಲ ಬ್ರಾಂಚಿನವರ ಎದುರು ಬೈಸಿಕೊಂಡಿರಿ. ಆ ವರ್ಷ ಪ್ರಮೋಷನ್ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಇಷ್ಟೆಲ್ಲ ಬರೆದು ಕೊನೆಗೆ 'ಅದೇನೂ ದೊಡ್ಡ ವಿಷಯವಲ್ಲ' ಎಂದಿದ್ದೀರಿ. ಅಲ್ಲ ಸ್ವಾಮಿ, ಇಡೀ ಪತ್ರದಲ್ಲಿ ದೊಡ್ಡ ವಿಷಯ ಅದೊಂದೇ.

ಹಾಗಾದರೆ ನಿಮಗೆ ಬೇಕಿರುವುದು ಏನು? ಎದುರಿಗೆ ಕೂತವರಿಗೆ ಗೊತ್ತಾಗದ ಹಾಗೆ ಅವರ ಕೈಯಲ್ಲಿ ಏನನ್ನೂ ಒತ್ತಿಸಿಕೊಳ್ಳಬಾರದು. ಗೊತ್ತಿಲ್ಲದಿದ್ದರೆ ಕೂರಿಸಿಕೊಂಡು ಬಿಡಿಸಿ ಹೇಳಬೇಕು. ಸಮಾಜ ಸೇವೆ ಅನ್ನೋ ಮಾತಿಗಿಂತ ಇದು ಸಣ್ಣದಾಗಿ ಕಾಣುತ್ತದೆ. ಆದರೆ ಯಾವ ಕೆಲಸವನ್ನಾದರೂ ಇದಕ್ಕೆ ಹಚ್ಚಿ ನೋಡಬಹುದು, ವಕೀಲಿಕೆಯನ್ನೂ.

ನೋಡೋಣ. ಮೂರು ವರ್ಷದ ಎಲ್‌ಎಲ್‌ಬಿಗೆ ಯಾವ ಡಿಗ್ರಿಯಾದರೂ ನಡೆಯುತ್ತದೆ, ಸಾಮಾನ್ಯ ವರ್ಗದವರಿಗೆ ಶೇ. 45 ಅಂಕ ಇರಬೇಕು. ತರಗತಿಗೆ ಶೇ. 70 ಹಾಜರಿ ಬೇಕು ಅಂತ ಭಾರತೀಯ ವಕೀಲರ ಪರಿಷತ್ತಿನ (ಬಾರ್ ಕೌನ್ಸಿಲ್) ನಿಯಮ. ಹೋಬಳಿ ಬ್ರಾಂಚಿನಲ್ಲಿ ಕೂತು ಅದು ಆಗುವ ಮಾತಲ್ಲ, ಕೆಲಸ ಬಿಡಲೇಬೇಕು. ಡಿಗ್ರಿ ಮುಗಿದ ಮೇಲೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ, ಅಖಿಲ ಭಾರತ ಮಟ್ಟದ ಬಾರ್ ಪರೀಕ್ಷೆ. ನೋಂದಣಿ ಆದಮೇಲೆ ಪ್ರಾಕ್ಟೀಸ್ ಮಾಡುತ್ತಾ ಇನ್ನೊಂದು ಕಡೆ ಸಂಬಳದ ಕೆಲಸ ಮಾಡುವ ಹಾಗಿಲ್ಲ. ಆಮೇಲೆ ಒಬ್ಬ ಸೀನಿಯರ್ ಹತ್ತಿರ ಜೂನಿಯರ್ ಆಗಿ ಫೈಲು ಹೊರಬೇಕು. ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಹಳ್ಳಿ ಕಡೆ 15,000 ಆದರೂ ಕೊಡಿ ಅಂತ ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಸುತ್ತೋಲೆ ಹೊರಡಿಸಿತು. ಅದು ಸಲಹೆ ಅಷ್ಟೇ, ಕಡ್ಡಾಯವಲ್ಲ. ಸ್ವಂತ ಆಫೀಸು ನಿಲ್ಲುವ ಹೊತ್ತಿಗೆ ನಿಮಗೆ 44 ಆಗಿರುತ್ತದೆ. ಅದು ತಡವೇನಲ್ಲ, ಆದರೆ ಅಷ್ಟು ದಿನ ಮನೆ ನಡೆಯಬೇಕು.

ಈಗ ಅಸಲಿ ವಿಷಯ. ಹದಿಮೂರು ವರ್ಷ ಬ್ಯಾಂಕಿನಲ್ಲಿದ್ದ ವಕೀಲನ ಹತ್ತಿರ ಮೊದಲು ಬರುವ ಕೆಲಸ ಯಾವುದು ಹೇಳಿ? ಬ್ಯಾಂಕಿನದೇ. ಪ್ಯಾನೆಲ್ ವಕೀಲರಾಗಿ ಬನ್ನಿ, ಸಾಲ ವಸೂಲಿ ದಾವೆ ಹಾಕಿಕೊಡಿ, ಸರ್ಫೇಸಿ (ಕೋರ್ಟಿಗೆ ಹೋಗದೆ ಅಡ ಇಟ್ಟ ಆಸ್ತಿ ವಶಕ್ಕೆ ತೆಗೆದುಕೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವ ಕಾಯ್ದೆ) ನೋಟಿಸ್ ಕೊಡಿ ಅಂತ ಹಳೇ ಸ್ನೇಹಿತರೇ ಕರೆಯುತ್ತಾರೆ. 2002ರ ಆ ಕಾಯ್ದೆ ಹೊಲಕ್ಕೆ ತಗುಲುವುದಿಲ್ಲ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಅಡ ಇಟ್ಟ ಮನೆಗೆ, ಅಂಗಡಿಗೆ ತಗುಲುತ್ತದೆ. 60 ದಿನದ ನೋಟಿಸು, ಆಮೇಲೆ ಬಾಗಿಲಿಗೆ ಚೀಟಿ. ದುಡ್ಡು ಸರಿಯಾಗಿ ಬರುವ ಕೆಲಸ ಅದು, ಕೆಟ್ಟ ಕೆಲಸ ಅಂತಲೂ ನಾನು ಹೇಳುತ್ತಿಲ್ಲ. ಆದರೆ ಇವತ್ತು ನೀವು ಯಾವ ಮೇಜಿನಿಂದ ಎದ್ದು ಹೋಗಬೇಕು ಅಂತಿದ್ದೀರೋ ಅದರ ಹಿಂದಿನ ಬಾಗಿಲಿನಿಂದ ಒಳಗೆ ಬಂದ ಹಾಗಾಗುತ್ತದೆ. ಬೇಡ ಅನ್ನುವುದಕ್ಕೆ ಧೈರ್ಯ ಎಷ್ಟಿದೆ ಅನ್ನೋದಕ್ಕಿಂತ ಉಳಿತಾಯ ಎಷ್ಟಿದೆ ಅನ್ನೋದು ಆಗ ಮುಖ್ಯವಾಗುತ್ತದೆ.

ನಿಮ್ಮ ಮನಸ್ಸಿಗೆ ಹತ್ತಿರದ ವಕೀಲಿಕೆ ಇಲ್ಲವೇ ಇಲ್ಲ ಅಂತಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ತಾಲೂಕಿಗೊಂದು ಸಮಿತಿ ಇದೆ, ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಇನ್ನೂ ಕೆಲವರಿಗೆ ಅಲ್ಲಿಂದ ವಕೀಲರನ್ನು ಪುಕ್ಕಟೆ ಕೊಡುತ್ತಾರೆ. ಆ ಪ್ಯಾನೆಲ್‌ನಲ್ಲಿ ಸೇರಿದರೆ ಗೌರವಧನ ಅಂತ ಏನೋ ಬರುತ್ತದೆ, ಮನೆ ನಡೆಯುವಷ್ಟು ಬರುವುದಿಲ್ಲ. ಆದರೆ ಕಾಗದ ಹಿಡಿದು ಕೂತವರಿಗೆ ಬಿಡಿಸಿ ಹೇಳುವ ಕೆಲಸ ಅಲ್ಲಿ ದಿನವೂ ಇರುತ್ತದೆ.

ಒಂದು ಕೆಲಸ ಮಾಡಿ. ಎರಡು ದಿನ ಸಿಎಲ್ ಹಾಕಿ ತಾಲೂಕು ಕೋರ್ಟಿಗೆ ಹೋಗಿ ಕೂತುಕೊಳ್ಳಿ. ಯಾರ ಅನುಮತಿಯೂ ಬೇಡ, ತೆರೆದ ನ್ಯಾಯಾಲಯ, ಹಿಂದಿನ ಬೆಂಚಿನಲ್ಲಿ ಯಾರು ಬೇಕಾದರೂ ಕೂರಬಹುದು. ಕೇಸು ಕೂಗುತ್ತಾರೆ, ಒಬ್ಬರು ಎದ್ದು ನಿಂತು ಕಾಲಾವಕಾಶ ಕೇಳುತ್ತಾರೆ, ಮುಂದಿನ ತಾರೀಖು ಬೀಳುತ್ತದೆ. ಮತ್ತೆ ಕೂಗುತ್ತಾರೆ. ಅಣ್ಣತಮ್ಮಂದಿರ ಪಾಲಿನ ದಾವೆ, ಚೆಕ್ ಬೌನ್ಸು, ಜೀವನಾಂಶ. ಮಧ್ಯಾಹ್ನದ ಹೊತ್ತಿಗೆ ನಿಮಗೆ ಆಕಳಿಕೆ ಬರುತ್ತದೋ ಅಥವಾ ಆ ಕಕ್ಷಿದಾರ ವರಾಂಡದಲ್ಲಿ ವಕೀಲರನ್ನು ಏನು ಕೇಳುತ್ತಿದ್ದಾನೆ ಅಂತ ಕಿವಿ ಅತ್ತ ಹೋಗುತ್ತದೋ, ನೀವೇ ನೋಡಿಕೊಳ್ಳಿ.

ಇನ್ನೊಂದು ಅನುಮಾನ ಹೇಳಿಬಿಡುತ್ತೇನೆ, ತಪ್ಪು ತಿಳಿಯಬೇಡಿ. ಮೂರನೇ ಪುಟದಲ್ಲಿ ಒಂದು ಸಾಲು ಬಂದು ಹೋಗುತ್ತದೆ: ಹೆಂಡತಿ, ಮಗಳು ಹುಬ್ಬಳ್ಳಿಯಲ್ಲಿ, ಮಗಳು ನಾಲ್ಕನೇ ಕ್ಲಾಸು, ನೀವು ಶನಿವಾರ ರಾತ್ರಿ ಹೋಗಿ ಸೋಮವಾರ ಬೆಳಗಿನ ಬಸ್ಸಿಗೆ ವಾಪಸ್. ಕಾನೂನು ವಿಶ್ವವಿದ್ಯಾಲಯ ಇರುವುದೂ ಹುಬ್ಬಳ್ಳಿಯ ನವನಗರದಲ್ಲಿ. ಓದೋಕೆ ಅಂತ ಹೋದರೆ ಮೂರು ವರ್ಷ ಮಗಳ ಜೊತೆ ಇರಬಹುದು, ಅಲ್ವಾ? ಅದು ಬೇಕು ಅನ್ನಿಸಿದರೆ ಅದರಲ್ಲಿ ನಾಚಿಕೆ ಏನೂ ಇಲ್ಲ, ನ್ಯಾಯದ ಹೆಸರಿನಲ್ಲಿ ಮುಚ್ಚಿಡುವುದೂ ಬೇಡ. ಅದೇ ಮುಖ್ಯ ಅನ್ನುವುದಾದರೆ ಹತ್ತಿರದ ದಾರಿಗಳಿವೆ. ವರ್ಗಾವಣೆ ಕೇಳಿ. ಹಳ್ಳಿ ಹುಡುಗರಿಗೆ ಸ್ವಂತ ಉದ್ಯೋಗ ಕಲಿಸುವ ಆರ್‌ಸೆಟಿಗೆ ನಿಯೋಜನೆ ಕೇಳಿ. 1982ರಲ್ಲಿ ಧರ್ಮಸ್ಥಳದವರು, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಉಜಿರೆಯಲ್ಲಿ ರುಡ್‌ಸೆಟಿ ಶುರು ಮಾಡಿದರಲ್ಲ, ಅದನ್ನೇ ನೋಡಿ ದೇಶದಾದ್ಯಂತ ಜಿಲ್ಲೆಗೊಂದರಂತೆ ಮಾಡಿದ ತರಬೇತಿ ಸಂಸ್ಥೆಗಳು ಇವು. ಬ್ಯಾಂಕುಗಳೇ ನಡೆಸುತ್ತವೆ, ಬ್ಯಾಂಕ್ ಆಫೀಸರುಗಳೇ ನಿರ್ದೇಶಕರು. ಹೊಲಿಗೆ, ಹೈನುಗಾರಿಕೆ, ಮೊಬೈಲ್ ರಿಪೇರಿ ಕಲಿಯಲು ಬಂದ ಹುಡುಗರಿಗೆ ಸಾಲ ಅಂದರೇನು, ಬಡ್ಡಿ ಹೇಗೆ ಬೀಳುತ್ತದೆ ಅಂತ ಬಿಡಿಸಿ ಹೇಳುವುದೂ ಅಲ್ಲಿನ ಕೆಲಸವೇ. ಅಲ್ಲೂ ಟಾರ್ಗೆಟ್ ಇರುತ್ತದೆ, ತರಬೇತಿಯ ಟಾರ್ಗೆಟ್. ಕೇಳಿದ ತಕ್ಷಣ ಸಿಗುತ್ತದೆ ಅಂತ ಭರವಸೆ ಕೊಡಲಾರೆ.

ಇದೆಲ್ಲ ಆಗಿಯೂ ಕೋರ್ಟೇ ಬೇಕು ಅನ್ನಿಸಿದರೆ ಹೋಗಿ, ನಾನು ತಡೆಯುವವನಲ್ಲ. ಆಫೀಸರಿಗೆ ಮೂರು ತಿಂಗಳ ನೋಟಿಸ್ ಇರುತ್ತದೆ, ಕಾಲೇಜಿನ ಪ್ರವೇಶದ ಸಮಯಕ್ಕೆ ಹೊಂದಿಸಿಕೊಳ್ಳಿ. ನೀವು 2010ರ ಏಪ್ರಿಲ್ ನಂತರ ಸೇರಿದವರು, ಅಂದರೆ ಹಳೇ ಪಿಂಚಣಿ ನಿಮಗೆ ಮೊದಲಿನಿಂದಲೂ ಇಲ್ಲ, ಅದು ಕೈತಪ್ಪುವ ಭಯವೂ ಇಲ್ಲ. ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಖಾತೆಯನ್ನು ಮುರಿಸದೆ ಹಾಗೇ ಮುಂದುವರಿಸಬಹುದು. ಗ್ರಾಚ್ಯುಟಿ ಬರುತ್ತದೆ. ಸಿಬ್ಬಂದಿಗೆ ಕೊಡುವ ಬಡ್ಡಿದರದಲ್ಲಿ ಮನೆ ಸಾಲ ತೆಗೆದಿದ್ದರೆ ಮಾತ್ರ ಹುಷಾರು. ಕೆಲಸ ಬಿಟ್ಟ ಮೇಲೆ ಆ ರಿಯಾಯಿತಿ ಸಾಮಾನ್ಯವಾಗಿ ನಿಂತುಹೋಗುತ್ತದೆ, ಕಂತು ಏರುತ್ತದೆ. ಹೊಸ ಕಂತು ಎಷ್ಟಾಗುತ್ತದೆ ಅಂತ ಬರೆದುಕೊಂಡು ಮನೆಯವರ ಜೊತೆ ಕೂತು ಮಾತಾಡಿ. ಅವರು ಏನಂದರು ಅನ್ನೋದು ಪತ್ರದಲ್ಲಿ ಎಲ್ಲೂ ಕಾಣಲಿಲ್ಲ. ಅವರಿಗೆ ವಿಷಯ ಹೇಳಿದ್ದೀರಿ ತಾನೇ?