ಮೊದಲು ಬೆರಳು, ಆಮೇಲೆ ಮುಖ

ದಾವಣಗೆರೆಯ ಓದುಗರೊಬ್ಬರ ಪತ್ರ: "ಹಳೇ ಕ್ಯಾಲೆಂಡರಿನಲ್ಲಿದ್ದ ರವಿವರ್ಮನ 'ದೀಪ ಹಿಡಿದ ಹೆಂಗಸು' ಚಿತ್ರವನ್ನು ಜಲವರ್ಣದಲ್ಲಿ ಐದು ಸಲ ನಕಲು ಮಾಡಿದೆ. ಪ್ರತಿ ಸಲವೂ ಮುಖ ಕೆಸರು ಬಳಿದ ಹಾಗೆ ಆಗುತ್ತದೆ. ನಕಲು ಮಾಡೋದು ಕಲೆಯೇ ಅಲ್ಲ ಅಂತ ಮನೆಯಲ್ಲಿ ನಗುತ್ತಾರೆ. ಹಳ್ಳಿಯಲ್ಲಿರುವ ನಮ್ಮ ಅಜ್ಜಿಯ ಚಿತ್ರ ಬರೆಯಬೇಕು ಅನ್ನೋದೇ ನನ್ನ ಆಸೆ. ನಕಲು ಬಿಟ್ಟುಬಿಡಲಾ?"

ಬಿಡಬೇಡಿ. ಆದರೆ ಇಡೀ ಚಿತ್ರ ನಕಲು ಮಾಡುವುದನ್ನು ಸದ್ಯಕ್ಕೆ ನಿಲ್ಲಿಸಿ.

ಆ ಚಿತ್ರ ರವಿವರ್ಮರದಲ್ಲ. ಈ ತಪ್ಪು ನೀವೊಬ್ಬರೇ ಮಾಡಿದ್ದಲ್ಲ ಬಿಡಿ, ಅರ್ಧ ಊರು ಹಾಗೇ ಹೇಳುತ್ತದೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಇದು 1940ರ ದಶಕದ ಚಿತ್ರ. ಬರೆದವರು ಮಹಾರಾಷ್ಟ್ರದ ಸಾವಂತವಾಡಿಯ ಎಸ್.ಎಲ್. ಹಲ್ದನ್‌ಕರ್, ದೀಪ ಹಿಡಿದು ನಿಂತವರು ಅವರ ಮಗಳು. ಮೂಲ ಚಿತ್ರ ಮೈಸೂರಿನ ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿದೆ. ತೈಲವರ್ಣ ಅಂದುಕೊಂಡು ನೋಡುವವರೇ ಜಾಸ್ತಿ, ಆದರೆ ಅದು ಅಪ್ಪಟ ಜಲವರ್ಣ. ಗ್ಯಾಲರಿ ತೆರೆದಿದೆಯಾ ಅಂತ ವಿಚಾರಿಸಿಕೊಂಡು ಒಮ್ಮೆ ಹೋಗಿ ಬನ್ನಿ. ಕ್ಯಾಲೆಂಡರಿನ ಅರಿಶಿನ ಬಣ್ಣ ನಂಬಿ ಕೂತರೆ ನೀವು ಪ್ರಿಂಟಿಂಗ್ ಪ್ರೆಸ್ಸಿನವರ ನಕಲು ಮಾಡಿದಂತೆ.

ಇನ್ನು ನಿಮ್ಮ ಮುಖದ ಕೆಸರು (ಕ್ಷಮಿಸಿ, ಚಿತ್ರದ ಮುಖದ್ದು). ನೆರಳಿಗೆ ಕಪ್ಪು ಬಣ್ಣ ಬೆರೆಸುತ್ತಿದ್ದೀರಿ ಅಂತ ನನ್ನ ಅನುಮಾನ. ಹುಡುಗನಾಗಿದ್ದಾಗ ನಾನೂ ಅದನ್ನೇ ಮಾಡಿ, ಒಬ್ಬ ಪಾಪದ ರೈತನ ಕೆನ್ನೆಗೆ ಮಸಿ ಬಳಿದಿದ್ದೆ. ಕಪ್ಪು ಟ್ಯೂಬ್ ಪಕ್ಕಕ್ಕಿಡಿ. ಬರ್ಂಟ್ ಸಿಯೆನ್ನಾಗೆ (ಕೆಂಪು ಮಿಶ್ರಿತ ಕಂದು) ಸ್ವಲ್ಪ ಅಲ್ಟ್ರಾಮರೀನ್ (ಗಾಢ ನೀಲಿ) ಸೇರಿಸಿದರೆ ನೆರಳಿಗೆ ಬೇಕಾದ ಗಾಢ ಕಂದು ಸಿಗುತ್ತದೆ. ಜೊತೆಗೆ ಅವಸರ ಬೇಡ. ಅರ್ಧ ಒಣಗಿದ ಬಣ್ಣದ ಮೇಲೆ ಮತ್ತೆ ಬ್ರಷ್ ಆಡಿಸಿದರೆ ಕೆಳಗಿನದು ಎದ್ದು ಬರುತ್ತದೆ. ಕೆಸರಾಗೋದು ಅಲ್ಲೇ. ಸಾದಾ ಡ್ರಾಯಿಂಗ್ ಶೀಟ್ ಕೂಡ ಎರಡನೇ ಪದರಕ್ಕೇ ನಾರು ಬಿಡುತ್ತದೆ. 300 ಜಿಎಸ್ಎಂನ, ಅಂದರೆ ದಪ್ಪನೆಯ, ಕಾಟನ್ ಪೇಪರ್ ದುಬಾರಿಯೇ, ಒಂದು ಹಾಳೆ ತಂದು ನಾಲ್ಕಾಗಿ ಕತ್ತರಿಸಿಕೊಳ್ಳಿ.

ಮೊದಲ ತುಂಡಿನ ಮೇಲೆ ಮುಖ ಬೇಡವೇ ಬೇಡ. ದೀಪಕ್ಕೆ ಅಡ್ಡ ಹಿಡಿದ ಕೈಯೊಂದನ್ನೇ ಬರೆಯಿರಿ. ಅದಕ್ಕೂ ಮುಂಚೆ ಲೈಟ್ ಆರಿಸಿ, ಮೊಬೈಲ್ ಟಾರ್ಚ್ ಹಚ್ಚಿ, ಅದರ ಮುಂದೆ ನಿಮ್ಮ ಬೆರಳು ಜೋಡಿಸಿ ನೋಡಿ. ಬೆರಳ ಅಂಚು, ಸಂದುಗಳು ಕೆಂಪಗೆ ಹೊಳೆಯುತ್ತವೆ, ಅಲ್ವಾ? ಬೆಳಕು ಚರ್ಮ ದಾಟಿ ಬರುವಾಗಿನ ಬಣ್ಣ ಅದು. ಈಗ ಕಾಗದದ ಮೇಲೆ ಜ್ವಾಲೆಯ ಜಾಗ ಹಾಗೇ ಬಿಳಿ ಬಿಡಿ. ಉಳಿದದ್ದಕ್ಕೆಲ್ಲ ತೆಳು ಹಳದಿ ಹಾಯಿಸಿ, ಪೂರ್ತಿ ಒಣಗಲಿ. ಆಮೇಲೆ ಬೆರಳ ಸಂದಿಗೆ ಕಿತ್ತಳೆ ಕೆಂಪು, ಅದೂ ಒಣಗಿದ ಮೇಲೆ ಹಿನ್ನೆಲೆಯ ಕತ್ತಲು. ಒಣಗಿದಾಗ ಜಲವರ್ಣ ತೆಳುವಾಗುತ್ತದೆ, ಹಾಗಾಗಿ ಕತ್ತಲನ್ನು ನಿಮಗೆ ಭಯವಾಗುವಷ್ಟು ಗಾಢವಾಗಿ ಹಾಕಿ. ಆ ಕತ್ತಲು ಬಿದ್ದ ಮೇಲೇ ದೀಪ ಉರಿಯುವುದು.

ಕೈ ಒಲಿದ ಮೇಲೆ ಮುಖ. ಆಗ ಕಣ್ಣು ಅರ್ಧ ಮುಚ್ಚಿ ನೋಡಿ, ಬೆಳಕು, ನಡುನೆರಳು, ಕತ್ತಲು, ಈ ಮೂರೇ ಕಾಣಬೇಕು. ರೆಪ್ಪೆ, ತುಟಿ ಕೊನೆಗೆ. ನಕಲಿನ ಮೂಲೆಯಲ್ಲಿ 'ಹಲ್ದನ್‌ಕರ್ ಚಿತ್ರ ನೋಡಿ ಬರೆದದ್ದು' ಅಂತ ಬರೆದುಬಿಡಿ, ನಗುವವರಿಗೆ ಅಷ್ಟು ಉತ್ತರ ಸಾಕು.

ಅಜ್ಜಿಯ ಹತ್ತಿರ ಹೋದಾಗ "ಅಲ್ಲಾಡಬೇಡ" ಅಂತ ಕೂರಿಸಬೇಡಿ, ಮುಖ ಬಿಗಿದುಕೊಳ್ಳುತ್ತಾರೆ. ಮೊರದಲ್ಲಿ ಅಕ್ಕಿ ಹಾಕಿ ಕೊಡಿ. ಆರಿಸುತ್ತಾ ಕೂತರೆ ತಲೆ ತಾನಾಗಿಯೇ ಒಂದೇ ಕಡೆ ಬಾಗಿರುತ್ತದೆ. ಬಾಗಿಲ ಬೆಳಕು ಒಂದೇ ಪಕ್ಕದಿಂದ ಬೀಳಲಿ. ಸುಕ್ಕುಗಳನ್ನು ಒಂದೊಂದಾಗಿ ಗೀಚಬೇಡಿ. ಮೂಗುಬೊಟ್ಟು ಇದ್ದರೆ ಅದರ ಹೊಳಪಿಗೆ ಒಂದು ಚುಕ್ಕಿಯಷ್ಟು ಕಾಗದವನ್ನು ಮೊದಲೇ ಬಿಟ್ಟಿರಿ, ಆಮೇಲೆ ಬಿಳಿ ಬಣ್ಣ ಇಡಲು ಹೋಗಬೇಡಿ.

- ಸಂ.