ಈಜು ಕಷ್ಟವೋ, ಸ್ಪ್ರಿಂಟ್ ಓಟ ಕಷ್ಟವೋ?

ನಿಮ್ಮ ಪ್ರಶ್ನೆ ಓದಿದ ಮೇಲೆ ಎರಡು ದಿನ ಅದರದ್ದೇ ಗುಂಗಿನಲ್ಲಿದ್ದೆ. ಮಗಳಿಗೆ 12 ವರ್ಷ, ಐದು ವರ್ಷದಿಂದ ಈಜುತ್ತಿದ್ದಾಳೆ, 100 ಮೀಟರ್ ಫ್ರೀಸ್ಟೈಲನ್ನು 1 ನಿಮಿಷ 12 ಸೆಕೆಂಡಿನಲ್ಲಿ ಮುಗಿಸುತ್ತಾಳೆ ಎಂದಿದ್ದೀರಿ. ಈ ವರ್ಷ ಶಾಲೆಯ ಕ್ರೀಡಾಕೂಟದಲ್ಲಿ ಯಾವ ಅಭ್ಯಾಸವೂ ಇಲ್ಲದೆ 100 ಮೀಟರ್ ಓಟದಲ್ಲಿ ಮೊದಲು ಬಂದಳು, ಈಗ ದೈಹಿಕ ಶಿಕ್ಷಣದ ಮೇಷ್ಟ್ರು ಅವಳನ್ನು ಟ್ರ್ಯಾಕಿಗೆ ಕಳಿಸಿ ಎಂದು ಒತ್ತಾಯಿಸುತ್ತಿದ್ದಾರೆ. "ಓಟ ಹದಿನಾಲ್ಕು ಸೆಕೆಂಡಿಗೆ ಮುಗಿಯುತ್ತದೆ, ಈಜಿಗೆ ಒಂದು ನಿಮಿಷದ ಮೇಲೆ ಬೇಕು. ಹಾಗಾದರೆ ಓಟವೇ ಸುಲಭವಲ್ಲವೇ?" ಎಂದು ಕೇಳಿದ್ದೀರಿ.

ನಾನು ಎರಡೂ ಕಡೆ ಇದ್ದವಳು. ಎಂಟನೆಯ ವಯಸ್ಸಿನಿಂದ ಹದಿನೇಳರವರೆಗೆ ಬೆಂಗಳೂರಿನಲ್ಲಿ ಈಜಿದೆ, ರಾಜ್ಯಮಟ್ಟದ ಸ್ಪರ್ಧೆಗಳವರೆಗೆ ಹೋದೆ. ಆಮೇಲೆ ಕಾಲೇಜಿನ ಮೂರು ವರ್ಷ 200 ಮತ್ತು 400 ಮೀಟರ್ ಓಡಿದೆ. ಆದ್ದರಿಂದ ನಿಮಗೆ ನೇರವಾಗಿಯೇ ಹೇಳುತ್ತೇನೆ: ಓಟ ಸುಲಭವಲ್ಲ. ನಿಮ್ಮ ಹೋಲಿಕೆಯೇ ತಪ್ಪಿದೆ, ಏಕೆಂದರೆ ನೀವು ದೂರವನ್ನು ದೂರದ ಪಕ್ಕದಲ್ಲಿಟ್ಟು ನೋಡುತ್ತಿದ್ದೀರಿ. ದೇಹಕ್ಕೆ ಮೀಟರ್ ಲೆಕ್ಕ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಸೆಕೆಂಡಿನ ಲೆಕ್ಕ.

ಪುರುಷರ ದಾಖಲೆಗಳನ್ನೇ ನೋಡಿ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಚೀನಾದ ಪಾನ್ ಝಾನ್ಲೆ 100 ಮೀಟರ್ ಫ್ರೀಸ್ಟೈಲನ್ನು 46.40 ಸೆಕೆಂಡಿನಲ್ಲಿ ಈಜಿ ವಿಶ್ವದಾಖಲೆ ಮಾಡಿದ. ದಕ್ಷಿಣ ಆಫ್ರಿಕಾದ ವೇಯ್ಡ್ ವಾನ್ ನೀಕರ್ಕ್ 2016ರ ರಿಯೋದಲ್ಲಿ 400 ಮೀಟರನ್ನು 43.03 ಸೆಕೆಂಡಿನಲ್ಲಿ ಓಡಿದ. ಎರಡೂ ಹತ್ತಿರ ಹತ್ತಿರ. ಹಾಗೆಯೇ 2009ರಲ್ಲಿ ಬ್ರೆಜಿಲ್ಲಿನ ಸೀಸರ್ ಸಿಯೆಲೊ 50 ಮೀಟರನ್ನು 20.91 ಸೆಕೆಂಡಿನಲ್ಲಿ ಈಜಿದ, ಅದೇ ವರ್ಷ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 200 ಮೀಟರನ್ನು 19.19ರಲ್ಲಿ ಓಡಿದ. ಅಂದರೆ ನೀರಿನಲ್ಲಿ ಈಜುವ ದೂರವನ್ನು ನಾಲ್ಕರಿಂದ ಗುಣಿಸಿದರೆ ಸರಿಸುಮಾರು ಅದಕ್ಕೆ ಸಮನಾದ ಓಟ ಸಿಗುತ್ತದೆ. ನಿಮ್ಮ ಮಗಳ 100 ಮೀಟರ್ ಈಜಿಗೆ ಜೋಡಿ ಅವಳ 400 ಮೀಟರ್ ಓಟ. ಅವಳು ಗೆದ್ದ 100 ಮೀಟರ್ ಓಟಕ್ಕೆ ಜೋಡಿಯಾಗುವ ಸ್ಪರ್ಧೆ ಒಲಿಂಪಿಕ್ ಈಜುಕೊಳದಲ್ಲಿ ಇಲ್ಲವೇ ಇಲ್ಲ. ಅಲ್ಲಿ ಅತಿ ಚಿಕ್ಕದೆಂದರೆ 50 ಮೀಟರ್.

ಹತ್ತು ಸೆಕೆಂಡಿನ ಕೆಲಸಕ್ಕೂ ಒಂದು ನಿಮಿಷದ ಕೆಲಸಕ್ಕೂ ದೇಹದೊಳಗೆ ಉರಿಯುವ ಇಂಧನವೇ ಬೇರೆ. ಹತ್ತು ಸೆಕೆಂಡಿನ ಓಟಕ್ಕೆ ಸ್ನಾಯುವಿನಲ್ಲಿ ಮೊದಲೇ ಕೂಡಿಟ್ಟ ಶಕ್ತಿಯೇ ಬಹುಪಾಲು ಸಾಕು, ಉಸಿರಿನ ಪಾತ್ರ ಬಹಳ ಕಡಿಮೆ. ಒಂದು ನಿಮಿಷದ ಶ್ರಮದಲ್ಲಿ ಆಮ್ಲಜನಕದ ಪಾಲು ಅರ್ಧದ ಹತ್ತಿರಕ್ಕೆ ಬರುತ್ತದೆ. ಆ ಆಮ್ಲಜನಕವನ್ನು ಓಟಗಾರ್ತಿ ಬೇಕಾದಾಗ, ಬೇಕಾದಷ್ಟು ಎಳೆದುಕೊಳ್ಳಬಹುದು. ಈಜುಗಾರ್ತಿಗೆ ಆ ಸ್ವಾತಂತ್ರ್ಯವಿಲ್ಲ. ಉಸಿರಿಗೆಂದು ಮುಖ ತಿರುಗಿಸಿದಾಗಲೆಲ್ಲ ದೇಹದ ನೇರ ಕೆಡುತ್ತದೆ, ವೇಗ ಸೋರುತ್ತದೆ. 100 ಮೀಟರಿನ ಕೊನೆಯ ಹದಿನೈದು ಮೀಟರಿನಲ್ಲಿ ನನ್ನ ಎರಡೂ ತೋಳುಗಳು ಒದ್ದೆ ಗೋಣಿಚೀಲದಷ್ಟು ಭಾರವಾಗುತ್ತಿದ್ದವು. ಎದೆ ಗಾಳಿಗಾಗಿ ಬೇಡುತ್ತಿರುತ್ತದೆ, ಆದರೆ ತಲೆ ಎತ್ತಬಾರದು ಎಂದು ಕೋಚ್ ಹೇಳಿದ್ದು ನೆನಪಿರುತ್ತದೆ. ಗಾಳಿ ಬೇಕೆಂಬ ಆಸೆಯನ್ನು ಇನ್ನೂ ನಾಲ್ಕು ಕೈ ಮುಂದಕ್ಕೆ ಹಾಕುವುದೇ ಆ ಆಟದ ತಿರುಳು. ಅದನ್ನು ಹನ್ನೆರಡು ವರ್ಷದ ಹುಡುಗಿ ಆಗಲೇ ಕಲಿತಿದ್ದಾಳೆ ಎಂದರೆ ದೊಡ್ಡ ಮಾತು. ನೀವು ದಂಡೆಯಲ್ಲಿ ನಿಂತು ನೋಡುವಾಗ ಇದು ಕಾಣುವುದಿಲ್ಲ.

ಇನ್ನು ನೀರು ಮತ್ತು ನೆಲದ ವ್ಯತ್ಯಾಸ. ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಯ ನಿಜವಾದ ಉತ್ತರ ಇಲ್ಲಿದೆ.

ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ವೇಗ ಹೆಚ್ಚಿದಂತೆ ಅದರ ತಡೆ ವೇಗದ ವರ್ಗದಂತೆ ಏರುತ್ತದೆ, ಅದನ್ನು ಮೀರಲು ಬೇಕಾದ ಶಕ್ತಿ ಘನದಂತೆ ಏರುತ್ತದೆ. ಲೆಕ್ಕ ಹಾಕಿದರೆ, ಹತ್ತು ಪ್ರತಿಶತ ಹೆಚ್ಚು ವೇಗವಾಗಿ ಈಜಲು ಸುಮಾರು ಮೂವತ್ತಮೂರು ಪ್ರತಿಶತ ಹೆಚ್ಚು ಶಕ್ತಿ ಬೇಕು. ಅದಕ್ಕೇ ಈಜಿನಲ್ಲಿ ಬಲ ಹೆಚ್ಚಿಸುವುದಕ್ಕಿಂತ ತಡೆ ಕಡಿಮೆ ಮಾಡುವುದು ಲಾಭ. ಸೊಂಟ ಎರಡು ಬೆರಳು ಮೇಲೆ ಬಂದರೂ ಸಾಕು, ಸಮಯ ಇಳಿಯುತ್ತದೆ. ಇನ್ನೊಂದು ವಿಚಿತ್ರ ನೋಡಿ: ಈಜುಗಾರ್ತಿಯ ಅತಿ ವೇಗದ ಕ್ಷಣ ಅವಳು ಬ್ಲಾಕಿನಿಂದ ಹಾರಿ ನೀರನ್ನು ಸೀಳುವ ಕ್ಷಣ. ಅಲ್ಲಿಂದಾಚೆಗೆ ಅವಳ ಕೆಲಸವೆಲ್ಲ ಆ ವೇಗ ಸೋರದಂತೆ ಕಾಯುವುದು. ಓಟಗಾರ್ತಿಯದು ತದ್ವಿರುದ್ಧ. ಸೊನ್ನೆಯಿಂದ ಹೊರಟು ವೇಗವನ್ನು ಕಟ್ಟುತ್ತಾ ಹೋಗಬೇಕು. ಬೋಲ್ಟ್ 100 ಮೀಟರನ್ನು 9.58 ಸೆಕೆಂಡಿನಲ್ಲಿ ಮುಗಿಸಿದ ವಿಶ್ವದಾಖಲೆಯ ಓಟದಲ್ಲಿ ತನ್ನ ಅತಿ ಹೆಚ್ಚಿನ ವೇಗ ಮುಟ್ಟಿದ್ದು 60 ಮತ್ತು 80 ಮೀಟರಿನ ನಡುವೆ.

ಈಜುವಾಗ ಕೈ ನೀರನ್ನು ಹಿಡಿದು ಹಿಂದಕ್ಕೆ ತಳ್ಳಲು ಅರ್ಧ ಸೆಕೆಂಡಿನಷ್ಟು ಸಮಯವಿರುತ್ತದೆ. ಪೂರ್ಣ ವೇಗದಲ್ಲಿ ಓಡುವ ನುರಿತವರ ಪಾದ ನೆಲದ ಮೇಲೆ ಇರುವುದು ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟರಲ್ಲಿ ದೇಹದ ತೂಕದ ನಾಲ್ಕೈದು ಪಟ್ಟು ಬಲ ಆ ಒಂದು ಕಾಲಿನ ಮೂಲಕ ಹಾದುಹೋಗಬೇಕು. ಹೀಗಾಗಿ ಎರಡು ಆಟಗಳು ಬೇಡುವ ಪಾದವೇ ಬೇರೆ ಬೇರೆ. ಒಳ್ಳೆಯ ಕಿಕ್‌ಗೆ ಬೇಕಾದದ್ದು ಮೀನಿನ ಬಾಲದಂತೆ ಸಡಿಲವಾದ, ಬೆರಳು ಚಾಚಿದರೆ ಮೊಣಕಾಲಿನಿಂದ ತುದಿಯವರೆಗೆ ಒಂದೇ ಗೆರೆಯಾಗುವ ಕಣಕಾಲು. ಓಟಕ್ಕೆ ಬೇಕಾದದ್ದು ಸ್ಪ್ರಿಂಗಿನಂತೆ ಬಿಗಿಯಾದ, ನೆಲ ತಾಕಿದರೆ ಒಂದಿಷ್ಟೂ ಕುಸಿಯದ ಕಣಕಾಲು. ಒಂಬತ್ತು ವರ್ಷ ಕಣಕಾಲನ್ನು ಸಡಿಲಗೊಳಿಸುತ್ತಾ ಬಂದ ನಾನು ಟ್ರ್ಯಾಕಿಗೆ ಹೋದ ಮೊದಲ ತಿಂಗಳೇ ಮೊಣಕಾಲ ಕೆಳಗಿನ ಮೂಳೆಯ ಉದ್ದಕ್ಕೂ ನೋವು ಹಚ್ಚಿಕೊಂಡೆ. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯಬೇಕಾಗುತ್ತಿತ್ತು. ನನ್ನ ಹೃದಯ, ಶ್ವಾಸಕೋಶಗಳು ಯಾವ ಓಟಗಾರ್ತಿಗೂ ಕಡಿಮೆ ಇರಲಿಲ್ಲ, ಕಾಲುಗಳು ಮಾತ್ರ ನೆಲವನ್ನೇ ಕಂಡಿರಲಿಲ್ಲ.

ಟ್ರ್ಯಾಕಿನ ಮೊದಲ ದಿನ ನನಗೆ ಚೆನ್ನಾಗಿ ನೆನಪಿದೆ. ಕೋಚ್ 60 ಮೀಟರ್ ಆರು ಸಲ ಓಡು ಎಂದರು. ಓಡಿದೆ. ಪ್ರತಿ ಸಲದ ನಂತರ ಆರು ನಿಮಿಷ ಕೂರಿಸಿದರು. ಒಟ್ಟು 360 ಮೀಟರ್, ದಿನದ ಅಭ್ಯಾಸ ಮುಗಿಯಿತು. ಹದಿನಾಲ್ಕನೆಯ ವಯಸ್ಸಿನಲ್ಲಿ ಬೆಳಿಗ್ಗೆ ಐದರಿಂದ ಏಳು, ಸಂಜೆ ಮತ್ತೆ ಎರಡು ಗಂಟೆ, ವಾರಕ್ಕೆ 40 ಕಿಲೋಮೀಟರಿಗಿಂತ ಹೆಚ್ಚು ಈಜುತ್ತಿದ್ದವಳಿಗೆ ಇದು ಅಭ್ಯಾಸವೆಂದೇ ಅನ್ನಿಸಲಿಲ್ಲ. ಸುಮ್ಮನೆ ಕೂರುವುದು ಸೋಮಾರಿತನವೆಂದು ನಂಬಿ ಬೆಳೆದಿದ್ದೆ. ಮನೆಗೆ ಹೋಗುವ ಮುಂಚೆ ಯಾರಿಗೂ ಹೇಳದೆ ಇನ್ನೂ ನಾಲ್ಕು ಸುತ್ತು ಓಡಿದೆ, ಅದನ್ನೇ ಎರಡು ತಿಂಗಳು ಮುಂದುವರಿಸಿದೆ. ಕೊನೆಗೊಂದು ದಿನ 200 ಮೀಟರಿನ ಟ್ರಯಲ್‌ನಲ್ಲಿ ತಿರುವು ಮುಗಿದು ನೇರಕ್ಕೆ ಬರುವಾಗ ತೊಡೆಯ ಹಿಂದೆ ಯಾರೋ ಕಲ್ಲು ಹೊಡೆದಂತಾಯಿತು. ಹ್ಯಾಮ್‌ಸ್ಟ್ರಿಂಗ್ ಹರಿದಿತ್ತು. ಏಳು ವಾರ ಓಟವಿಲ್ಲ.

ಆಗ ಅರ್ಥವಾಯಿತು. ಸ್ಪ್ರಿಂಟಿನಲ್ಲಿ ವಿಶ್ರಾಂತಿಯೂ ಅಭ್ಯಾಸದ ಭಾಗ. ದಣಿದ ನರಗಳು ಪೂರ್ಣ ವೇಗವನ್ನು ಕಲಿಯಲಾರವು, ನಿಧಾನದ ಓಟವನ್ನೇ ಕಲಿಯುತ್ತವೆ. ಮೂರು ದಿನ ವಿಶ್ರಾಂತಿ ಪಡೆದ ಓಟಗಾರ್ತಿ ಹೆಚ್ಚು ವೇಗವಾಗಿ ಓಡಬಹುದು. ಮೂರು ದಿನ ನೀರಿಗಿಳಿಯದ ಈಜುಗಾರ್ತಿಗೆ ನಾಲ್ಕನೆಯ ದಿನ ನೀರು ಕೈಗೆ ಸಿಗುವುದೇ ಇಲ್ಲ, ಬೆರಳ ಸಂದಿಯಿಂದ ಜಾರಿಹೋಗುತ್ತದೆ. ಒಂದು ಆಟ ನಿಮ್ಮ ಗಂಟೆಗಳನ್ನು ಕೇಳುತ್ತದೆ. ಇನ್ನೊಂದು ಕೇಳುವುದು ಕೆಲವೇ ಸೆಕೆಂಡುಗಳನ್ನು, ಆದರೆ ಆ ಸೆಕೆಂಡುಗಳಲ್ಲಿ ನಿಮ್ಮಲ್ಲಿರುವ ಎಲ್ಲವನ್ನೂ ಕೇಳುತ್ತದೆ. ಒಂದು ಸಣ್ಣ ತಪ್ಪಿಗೂ ಸ್ನಾಯುವಿನ ರೂಪದಲ್ಲಿ ದಂಡ ಕಟ್ಟಿಸುತ್ತದೆ. ಈಜಿನಲ್ಲಿ ಗಾಯ ಹೀಗೆ ಒಮ್ಮೆಲೇ ಬರುವುದಿಲ್ಲ. ಸಾವಿರಾರು ಸಲ ಸುತ್ತಿ ಸುತ್ತಿ ಭುಜ ಮೆಲ್ಲಗೆ ಸವೆಯುತ್ತದೆ. ರಾತ್ರಿ ಆ ಮಗ್ಗುಲಿಗೆ ಮಲಗಲಾಗದಾಗ ಗೊತ್ತಾಗುತ್ತದೆ. ಮಗಳು ಭುಜದ ನೋವು ಹೇಳಿಕೊಂಡರೆ ಅದನ್ನು ನೆಪ ಎಂದುಕೊಳ್ಳಬೇಡಿ.

ಮನೆಯವರಿಗೆ ಯಾವುದು ಹೆಚ್ಚು ಭಾರ ಎಂದರೆ, ಅನುಮಾನವೇ ಇಲ್ಲ, ಈಜು. ನಾಲ್ಕೂವರೆಗೆ ಎದ್ದು ಸ್ಕೂಟರಿನಲ್ಲಿ ನನ್ನನ್ನು ಕರೆದೊಯ್ಯುತ್ತಿದ್ದ ಅಪ್ಪ ಡಿಸೆಂಬರಿನ ಚಳಿಯಲ್ಲಿ ಸ್ವೆಟರ್ ಹಾಕಿಕೊಂಡು ಗ್ಯಾಲರಿಯಲ್ಲಿ ಪತ್ರಿಕೆ ಓದುತ್ತಾ ಕೂರುತ್ತಿದ್ದರು. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಬೇಗ ದೇಹದ ಶಾಖ ಎಳೆದುಕೊಳ್ಳುತ್ತದೆ, ಹಾಗಾಗಿ ಹೊರಗೆ ಬಂದಾಗ ಹಸಿವು ಹೊಟ್ಟೆಯಲ್ಲಿ ಬೆಂಕಿ ಇಟ್ಟಂತೆ. ಆರು ಇಡ್ಲಿ ತಿಂದು, ಒದ್ದೆ ಕೂದಲಿನಲ್ಲೇ ಶಾಲೆಗೆ ಹೋಗಿ ಎರಡನೆಯ ಪಿರಿಯಡ್ಡಿನಲ್ಲಿ ತೂಕಡಿಸುತ್ತಿದ್ದೆ. ಆ ಮುಂಜಾನೆಗಳಿಗಾಗಿ ನಾನು ಅಪ್ಪನಿಗೆ ಇಂದಿಗೂ ಋಣಿ. ಖರ್ಚೂ ಹಾಗೆಯೇ: ಕೊಳದ ಶುಲ್ಕ, ಈಜು ಕನ್ನಡಕ, ದೊಡ್ಡ ಸ್ಪರ್ಧೆಗಳಿಗೆ ಬಂದರೆ ಕೆಲವೇ ಸಲ ಬಳಸಬಹುದಾದ ದುಬಾರಿ ರೇಸಿಂಗ್ ಸೂಟ್. ಓಟಕ್ಕೆ ಒಂದು ಜೊತೆ ಸ್ಪೈಕ್ ಶೂ ಮತ್ತು ಒಳ್ಳೆಯ ಟ್ರ್ಯಾಕ್ ಇದ್ದರೆ ಬಹಳ ಕಾಲ ನಡೆಯುತ್ತದೆ.

ವಯಸ್ಸಿನ ವಿಷಯಕ್ಕೆ ಬನ್ನಿ, ನಿಮಗೆ ಇದು ಮುಖ್ಯ. ಈಜು ಬಾಲ್ಯವನ್ನೇ ಕೇಳುವ ಆಟ. ಬೆಂಗಳೂರಿನ ಧಿನಿಧಿ ದೇಸಿಂಗು 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದಾಗ ಅವಳಿಗೆ 14 ವರ್ಷ. ಅಮೆರಿಕದ ಕೇಟಿ ಲೆಡೆಕಿ 2012ರ ಒಲಿಂಪಿಕ್ಸಿನಲ್ಲಿ 800 ಮೀಟರ್ ಫ್ರೀಸ್ಟೈಲ್ ಚಿನ್ನ ಗೆದ್ದದ್ದು 15ನೆಯ ವಯಸ್ಸಿನಲ್ಲಿ. ನೀರಿನ ಸ್ಪರ್ಶಜ್ಞಾನ ಚಿಕ್ಕಂದಿನಲ್ಲಿ ಬಂದಷ್ಟು ಸಹಜವಾಗಿ ದೊಡ್ಡವರಾದ ಮೇಲೆ ಬರುವುದು ಅಪರೂಪ. ಸ್ಪ್ರಿಂಟಿನಲ್ಲಿ ದೇಹ ಬಲಿತ ಮೇಲೆಯೇ ನಿಜವಾದ ವೇಗ. ಬೋಲ್ಟ್ ತನ್ನ ಎರಡೂ ವಿಶ್ವದಾಖಲೆಗಳನ್ನು ಬರೆದಾಗ ಅವನಿಗೆ ಇಪ್ಪತ್ತೆರಡು ದಾಟಿತ್ತು. ನಮ್ಮ ಕರ್ನಾಟಕದವರೇ ಆದ ಮಣಿಕಂಠ ಹೋಬಳಿದಾರ್ 2023ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲೇ 100 ಮೀಟರನ್ನು 10.23 ಸೆಕೆಂಡಿನಲ್ಲಿ ಓಡಿ ರಾಷ್ಟ್ರೀಯ ದಾಖಲೆ ಮಾಡಿದಾಗಲೂ ಅವರು ಇಪ್ಪತ್ತರ ಹರೆಯ ದಾಟಿದ್ದರು. ಅಂದರೆ ಹದಿನೈದರಲ್ಲಿ ಟ್ರ್ಯಾಕಿಗೆ ಹೋದರೂ ತಡವಲ್ಲ. ಹದಿನೈದರಲ್ಲಿ ಈಜಿಗೆ ಮರಳುವುದು ಬಹಳ ಕಷ್ಟ.

ಇಲ್ಲಿ ಒಂದು ವಿಷಯ ಹೇಳಲೇಬೇಕು, ಏಕೆಂದರೆ ಎರಡೂ ಆಟಗಳಲ್ಲಿ ನನ್ನನ್ನು ಬಿಡದೆ ಕಾಡಿದ್ದು ಇದೇ: ಸೆಕೆಂಡಿನ ನೂರನೆಯ ಒಂದು ಭಾಗ. 1984ರ ಲಾಸ್ ಏಂಜಲೀಸ್‌ನಲ್ಲಿ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸ್ ಕಂಚನ್ನು ಕಳೆದುಕೊಂಡದ್ದು ಅಷ್ಟೇ ಅಂತರದಲ್ಲಿ. 2008ರ ಬೀಜಿಂಗ್‌ನಲ್ಲಿ ಮೈಕೆಲ್ ಫೆಲ್ಪ್ಸ್ 100 ಮೀಟರ್ ಬಟರ್‌ಫ್ಲೈ ಚಿನ್ನ ಗೆದ್ದದ್ದೂ ಅಷ್ಟೇ ಅಂತರದಲ್ಲಿ, 50.58ಕ್ಕೆ 50.59. ಓಟದಲ್ಲಿ ಗೆರೆ ದಾಟಬೇಕಾದದ್ದು ಎದೆ, ಈಜಿನಲ್ಲಿ ಗೋಡೆ ಮುಟ್ಟಬೇಕಾದದ್ದು ಕೈ. ಬೀಜಿಂಗ್‌ನಲ್ಲಿ ಎರಡನೆಯವನಾದ ಸರ್ಬಿಯಾದ ಮಿಲೊರಾಡ್ ಚಾವಿಚ್ ಕೈ ಚಾಚಿ ತೇಲಿ ಬಂದ, ಫೆಲ್ಪ್ಸ್ ಇನ್ನೊಂದು ಅರ್ಧ ಸ್ಟ್ರೋಕ್ ಹಾಕಿ ಗೋಡೆಗೆ ಬಡಿದ. ಈಜಿನಲ್ಲಿ ನೂರನೆಯ ಭಾಗ ಸಮವಾದರೆ ಇಬ್ಬರಿಗೂ ಪದಕ. 2016ರ ರಿಯೋದಲ್ಲಿ ಮಹಿಳೆಯರ 100 ಮೀಟರ್ ಫ್ರೀಸ್ಟೈಲಿನಲ್ಲಿ ಸಿಮೋನ್ ಮ್ಯಾನುಯೆಲ್ ಮತ್ತು ಪೆನ್ನಿ ಒಲೆಕ್ಸಿಯಾಕ್ ಇಬ್ಬರೂ 52.70ಕ್ಕೆ ಚಿನ್ನ ಹಂಚಿಕೊಂಡರು. ಓಟದಲ್ಲಿ ಸಾವಿರದ ಭಾಗವನ್ನೂ ಕೆದಕುತ್ತಾರೆ. ಪ್ಯಾರಿಸ್‌ನ 100 ಮೀಟರ್ ಓಟದಲ್ಲಿ ನೋಹ ಲೈಲ್ಸ್ ಗೆದ್ದದ್ದು 9.784ಕ್ಕೆ, ಕಿಶೇನ್ ಥಾಂಪ್ಸನ್ ಸೋತದ್ದು 9.789ಕ್ಕೆ. ನನಗೆ ಈಜಿನ ನಿಯಮವೇ ಹೆಚ್ಚು ನ್ಯಾಯವೆನಿಸುತ್ತದೆ. ಅಂಥ ಪ್ರಯಾಸದ ನಂತರ ಇಬ್ಬರು ಒಟ್ಟಿಗೆ ಬಂದರೆ ಒಟ್ಟಿಗೆ ಬಂದಂತೆಯೇ.

ಈಗ ನಿಮ್ಮ ಮಗಳ ವಿಷಯ. ಯಾವುದು ಕಡಿಮೆ ಕಷ್ಟ ಎಂದು ನೋಡಿ ಆರಿಸಬೇಡಿ. ಯಾವ ಬಗೆಯ ಕಷ್ಟ ಅವಳಿಗೆ ಒಗ್ಗುತ್ತದೆ ಎಂದು ನೋಡಿ. ಅದಕ್ಕೊಂದು ದಾರಿ ಇದೆ. ಒಂದು ಭಾನುವಾರ, ಚೆನ್ನಾಗಿ ವಾರ್ಮ್ ಅಪ್ ಮಾಡಿಸಿ, ಅವಳನ್ನು 400 ಮೀಟರ್ ಓಡಿಸಿ ಸಮಯ ಬರೆದಿಡಿ. ಅವಳು ಈಜುವ 1 ನಿಮಿಷ 12 ಸೆಕೆಂಡಿಗೆ ಅದು ಹತ್ತಿರ ಬಂದರೆ ಅವಳ ಕಾಲುಗಳಲ್ಲಿ ನಿಜವಾಗಿಯೂ ಏನೋ ಇದೆ. 1 ನಿಮಿಷ 35 ಸೆಕೆಂಡಿನ ಆಚೆ ಹೋದರೆ, ಶಾಲೆಯ ಗೆಲುವು ಚುರುಕುತನದ್ದು, ಮೂಲಬಲ ನೀರಿನಲ್ಲೇ ಇದೆ ಎಂದುಕೊಳ್ಳಿ. ಇದು ಒರಟು ಅಳತೆ, ನನ್ನ ಅನುಭವದ್ದು, ಆದರೂ ಉಪಯೋಗಕ್ಕೆ ಬರುತ್ತದೆ. ಓಡಿ ಬಂದ ಮೇಲೆ ಅವಳ ಮುಖ ನೋಡಿ. ಹುಲ್ಲಿನ ಮೇಲೆ ಬಿದ್ದುಕೊಂಡು "ಇನ್ನೊಮ್ಮೆ ಓಡಲಾ?" ಎಂದು ಕೇಳುತ್ತಾಳೋ, ನೀರಿನ ಬಾಟಲಿ ಹುಡುಕುತ್ತಾಳೋ?

ನನ್ನ ಅಭಿಪ್ರಾಯ ಕೇಳಿದರೆ, ಇನ್ನೂ ಎರಡು ವರ್ಷ ಈಜು ಬಿಡಿಸಬೇಡಿ. ಆದರೆ ವಾರಕ್ಕೆ ಎರಡು ದಿನ ಓಡಲು ಬಿಡಿ. ಕೇವಲ ಈಜುವ ಮಕ್ಕಳ ಮೂಳೆಗೆ ನೆಲದ ಪೆಟ್ಟು ಸಿಗುವುದಿಲ್ಲ, ಬೆಳೆಯುವ ವಯಸ್ಸಿನಲ್ಲಿ ಅದು ಬೇಕು. ಓಟ, ಜಿಗಿತ ಮೂಳೆಯನ್ನು ಗಟ್ಟಿ ಮಾಡುತ್ತವೆ. ಮೊದಲ ಆರು ವಾರ ಹುಲ್ಲಿನ ಮೈದಾನದಲ್ಲೇ ಓಡಲಿ, ಹಗ್ಗ ಜಿಗಿಯಲಿ, ಸ್ಪೈಕ್ ಶೂ ಕೊಡಿಸಬೇಡಿ. ಮೇಷ್ಟ್ರಿಗೆ ಅವಳು ಈಜುಗಾರ್ತಿ, ಕಣಕಾಲು ಸಡಿಲ, ನಿಧಾನವಾಗಿ ಹೆಚ್ಚಿಸಿ ಎಂದು ನೀವೇ ಹೇಳಿ. ಮರುದಿನ ಬೆಳಿಗ್ಗೆ ಅವಳ ಮೊಣಕಾಲ ಕೆಳಗಿನ ಮೂಳೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ನೋವೆಂದರೆ ಆ ವಾರ ಓಟ ಬೇಡ, ಕೊಳಕ್ಕೆ ಹೋಗಲಿ.

ಆ 400 ಮೀಟರಿಗೆ ಎಷ್ಟು ಸಮಯ ಬಂತೆಂದು ಇಲ್ಲೇ ಕೆಳಗೆ ಬರೆಯಿರಿ. ನಾನು ಕಾಯುತ್ತಿರುತ್ತೇನೆ.